ಕೈಯಿಂದ ಕಲಿಯುವ ಇತಿಹಾಸ: ಜತ್ತ ತಾಲೂಕಿನ ಮಕ್ಕಳಿಗೆ ಜೀವಂತ ವಸ್ತುಸಂಗ್ರಹಾಲಯ

ಜತ್ತ ತಾಲೂಕಿನ ಕನ್ನಡ ಶಾಲೆಗಳ ಮಕ್ಕಳು ಇತಿಹಾಸವನ್ನು ಬಹುಮಟ್ಟಿಗೆ ಪುಸ್ತಕದಿಂದಲೇ ಕಲಿಯುತ್ತಾರೆ. ಮಹಾರಾಷ್ಟ್ರದ ಬಾಲಭಾರತಿ ಸಂಸ್ಥೆಯು ಕನ್ನಡ ಮಾಧ್ಯಮಕ್ಕೂ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತಿರುವುದು ನಮ್ಮ ಭಾಷೆಗೆ ಒಂದು ಆಸರೆ. ಆದರೆ ಅಜ್ಜಿ ಬೀಸಿದ ಕಲ್ಲು, ಅಜ್ಜ ಹೂಡಿದ ಕೂರಿಗೆ, ಅಂಗಳದ ಹಗೇವು ಇವು ಯಾವ ಪುಸ್ತಕದಲ್ಲಿಯೂ ಪೂರ್ತಿ ಹಿಡಿಸುವಂಥವಲ್ಲ. ಅವುಗಳನ್ನು ಮುಟ್ಟಿ, ಎತ್ತಿ, ತಿರುಗಿಸಿ ತಿಳಿಯಬೇಕು. ಹೀಗೆ ಕಲಿಸುವ ತಾಣಗಳಿಗೆ ಜೀವಂತ ಇತಿಹಾಸ ಸಂಗ್ರಹಾಲಯಗಳೆಂದು ಹೆಸರು. ಅವು ಏನು, ನಮಗೆ ಸಮೀಪ ಎಲ್ಲಿವೆ, ಶಾಲೆಗಳು ಅವುಗಳಿಂದ ಏನು ಪಡೆಯಬಹುದು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇವೆ.

ಜೀವಂತ ಸಂಗ್ರಹಾಲಯ ಎಂದರೇನು?

ಸಾಮಾನ್ಯ ವಸ್ತುಸಂಗ್ರಹಾಲಯದಲ್ಲಿ ವಸ್ತುವು ಗಾಜಿನ ಹಿಂದಿರುತ್ತದೆ. ಮುಟ್ಟಬಾರದೆಂಬ ಫಲಕ ಮುಂದಿರುತ್ತದೆ. ಜೀವಂತ ಸಂಗ್ರಹಾಲಯದಲ್ಲಿ ಮನೆಯು ಮನೆಯಂತೆಯೇ ನಿಂತಿರುತ್ತದೆ. ನೇಕಾರ ನೇಯುತ್ತಾನೆ, ಕುಂಬಾರ ತಿಗರಿ ತಿರುಗಿಸುತ್ತಾನೆ, ಮಗುವೂ ಮಣ್ಣಿಗೆ ಕೈ ಹಾಕುತ್ತದೆ. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ಆರ್ಥರ್ ಹಜೇಲಿಯಸ್ ಅವರು 1891ರಲ್ಲಿ ತೆರೆದ ಸ್ಕಾನ್ಸೆನ್ ಬಯಲು ಸಂಗ್ರಹಾಲಯವು ಈ ಪರಂಪರೆಗೆ ಮಾದರಿಯಾಯಿತು. ಕಾರ್ಖಾನೆಗಳ ಕಾಲದಲ್ಲಿ ಹಳ್ಳಿಯ ಬದುಕು ಅಳಿಯುತ್ತಿದೆ ಎಂಬ ಆತಂಕವೇ ಅದರ ಹುಟ್ಟಿಗೆ ಕಾರಣ.

ನಮ್ಮ ಕಡೆಯ ತಾಣಗಳು

ರಾಮನಗರದ ಬಳಿ, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿರುವ ಜಾನಪದ ಲೋಕವನ್ನು ಎಚ್.ಎಲ್. ನಾಗೇಗೌಡರು ಕಟ್ಟಿದರು, ಅದು 1994ರಲ್ಲಿ ಆರಂಭವಾಯಿತು. ಅಲ್ಲಿನ ‘ಆಯಗಾರರ ಮಾಳ’ದಲ್ಲಿ ಹಳ್ಳಿಯ ಕಸುಬುದಾರರ ಸಲಕರಣೆಗಳನ್ನು ಜೋಡಿಸಿಡಲಾಗಿದೆ. ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ ರಾಕ್ ಗಾರ್ಡನ್ ಉತ್ತರ ಕರ್ನಾಟಕದ ಹಳ್ಳಿಯನ್ನೇ ಶಿಲ್ಪಗಳಲ್ಲಿ ನಿಲ್ಲಿಸಿದೆ. ಅದೇ ಊರಿನಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಇದೆ. ಚೆನ್ನೈ ಸಮೀಪದ ದಕ್ಷಿಣಚಿತ್ರದಲ್ಲಿ ದಕ್ಷಿಣದ ರಾಜ್ಯಗಳ ಹಳೆಯ ಮನೆಗಳನ್ನು ಮರಳಿ ಕಟ್ಟಲಾಗಿದ್ದು, ಅವುಗಳಲ್ಲಿ ಇಳಕಲ್ಲಿನ ನೇಕಾರರ ಮನೆಯೂ ಒಂದು.

ಜತ್ತದ ಶಾಲೆಗಳಿಗೆ ಇವುಗಳಿಗಿಂತ ಹತ್ತಿರದ್ದು ಕೊಲ್ಲಾಪುರದ ಪಕ್ಕದ ಕಣೇರಿ ಮಠದ ಸಿದ್ಧಗಿರಿ ಗ್ರಾಮಜೀವನ ಸಂಗ್ರಹಾಲಯ. ಆಳೆತ್ತರದ ಪ್ರತಿಮೆಗಳ ಮೂಲಕ ಅಲ್ಲಿ ಕಮ್ಮಾರ, ಬಡಿಗ, ಕುಂಬಾರ, ನೇಕಾರರ ಕಾಯಕವನ್ನು ಕಾಣಿಸಲಾಗಿದೆ. ಮರಾಠಿಯಲ್ಲಿ ‘ಬಾರಾ ಬಲುತೇದಾರ’ ಎಂದು ಕರೆಯುವ ವ್ಯವಸ್ಥೆಯೇ ಕನ್ನಡದ ಹನ್ನೆರಡು ಆಯಗಾರರ ವ್ಯವಸ್ಥೆ. ರಾಮನಗರದಲ್ಲಿ ಒಂದು ಹೆಸರು, ಕಣೇರಿಯಲ್ಲಿ ಇನ್ನೊಂದು. ಹಳ್ಳಿಯ ರಚನೆ ಮಾತ್ರ ಒಂದೇ. ಎರಡೂ ಹೆಸರುಗಳನ್ನು ಬಲ್ಲ ಜತ್ತದ ಮಗು ಇದನ್ನು ಬೇರೆಯವರಿಗಿಂತ ಬೇಗ ಗುರುತಿಸಬಲ್ಲದು.

ನೋಡುವುದು ಬೇರೆ, ಮಾಡುವುದು ಬೇರೆ

ಪ್ರತಿಮೆಯು ಕೆಲಸದ ಒಂದು ಕ್ಷಣವನ್ನು ತೋರಿಸುತ್ತದೆ. ಕೆಲಸದ ಭಾರವನ್ನು ತೋರಿಸದು. ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸಿನ ಪ್ರತಿಮೆಯನ್ನು ಮಗು ಅರ್ಧ ನಿಮಿಷ ನೋಡಿ ಮುಂದೆ ನಡೆಯುತ್ತದೆ. ಅದೇ ಮಗುವಿಗೆ ಒಂದು ಸೇರು ಜೋಳ ಕೊಟ್ಟು ಕಲ್ಲಿನ ಗೂಟ ಹಿಡಿಸಿದರೆ ಪಾಠವೇ ಬೇರೆಯಾಗುತ್ತದೆ. ಕಾಳು ಹೆಚ್ಚು ಹಾಕಿದರೆ ಹಿಟ್ಟು ತರಿಯಾಗುವುದು, ಸವೆದ ಕಲ್ಲಿಗೆ ಮತ್ತೆ ಉಳಿಪೆಟ್ಟು ಬೇಕಾಗುವುದು, ಇಬ್ಬರು ಎದುರುಬದುರು ಕುಳಿತರೆ ಭುಜದ ನೋವು ಹಂಚಿಹೋಗುವುದು ಇವೆಲ್ಲ ಕೈಗೆ ತಿಳಿಯುತ್ತವೆ. ಬೀಸುವ ಪದಗಳು ಏಕೆ ಹುಟ್ಟಿದವು ಎಂಬ ಪ್ರಶ್ನೆಗೂ ಉತ್ತರ ಅಲ್ಲಿಯೇ ದೊರೆಯುತ್ತದೆ. ಮನೆಮಂದಿಯ ರೊಟ್ಟಿಗಾಗಿ ಹೆಣ್ಣುಮಕ್ಕಳು ನಸುಕಿನಲ್ಲೇ ಏಳಬೇಕಾಗಿತ್ತೆಂಬುದು ಆಗ ಓದಿದ ವಾಕ್ಯವಾಗಿ ಉಳಿಯದೆ, ಅನುಭವವಾಗುತ್ತದೆ.

ಕೂರಿಗೆಯೂ ಹಾಗೆಯೇ. ಮರದ ಬಟ್ಟಲಿಗೆ ಕಾಳು ಬಿಟ್ಟರೆ ಅದು ಬಿದಿರಿನ ಕೊಳವೆಗಳಲ್ಲಿ ಇಳಿದು ಸಾಲು ಸಾಲಾಗಿ ಮಣ್ಣು ಸೇರುತ್ತದೆ. ಕಾಳು ಬಿಡುವ ಕೈ ತಪ್ಪಿದರೆ ಸಾಲು ಬರಿದಾಗುತ್ತದೆ. ಹಿಂಗಾರಿ ಜೋಳವನ್ನೇ ನಂಬಿದ ಸೀಮೆಯಲ್ಲಿ ಆ ಕೈಯ ಬೆಲೆ ಎಷ್ಟೆಂಬುದನ್ನು ಶಾಲೆಯ ಅಂಗಳದಲ್ಲಿ ನಾಲ್ಕು ಮಾರು ನೆಲದ ಮೇಲೆಯೇ ತೋರಿಸಬಹುದು.

ವಸ್ತು ಹೋದರೆ ಪದವೂ ಹೋಗುತ್ತದೆ

ಈ ಕಲಿಕೆ ನಮಗೆ ಏಕೆ ವಿಶೇಷವಾಗಿ ಅಗತ್ಯ? ಗಡಿಭಾಗದಲ್ಲಿ ಕಚೇರಿಯ ಮಾತು ಮರಾಠಿ, ಮೊಬೈಲಿನ ಮಾತು ಹಿಂದಿ ಅಥವಾ ಇಂಗ್ಲಿಷ್. ಕನ್ನಡವು ಆಳವಾಗಿ ಉಳಿದಿರುವುದು ಹೊಲದಲ್ಲಿ, ಕಣದಲ್ಲಿ, ಅಡುಗೆಮನೆಯಲ್ಲಿ. ಟ್ರ್ಯಾಕ್ಟರ್ ಬಂದಾಗ ರಂಟೆ, ಕುಂಟೆ, ಬಾರಕೋಲುಗಳು ಅಟ್ಟ ಸೇರಿದವು; ರಾಶಿಯಂತ್ರ ಬಂದಾಗ ಮೇಟಿ, ಹಂತಿಗಳು ಮರೆಯಾದವು. ವಸ್ತು ಕಣ್ಮರೆಯಾದ ಒಂದು ತಲೆಮಾರಿನೊಳಗೆ ಅದರ ಹೆಸರೂ ನಾಲಿಗೆಯಿಂದ ಜಾರುತ್ತದೆ. ಈ ನಷ್ಟವನ್ನು ಯಾವ ಸರಕಾರಿ ಆದೇಶವೂ ತುಂಬಿಕೊಡಲಾರದು.

ಹಗೇವನ್ನೇ ನೋಡಿ. ನೆಲದೊಳಗೆ ತೋಡಿ ಕಾಳು ತುಂಬಿ ಬಾಯಿ ಮುಚ್ಚುವ ಈ ಕಣಜವನ್ನು ಮರಾಠಿಯಲ್ಲಿ ‘ಪೇವ’ ಎನ್ನುತ್ತಾರೆ. ನಮ್ಮದೇ ಜಿಲ್ಲೆಯಲ್ಲಿ, ಸಾಂಗ್ಲಿ ಪಕ್ಕದ ಹರಿಪುರದಲ್ಲಿ, ಅರಿಷಿಣವನ್ನು ಇಂಥ ನೆಲಗುಂಡಿಗಳಲ್ಲಿ ಕೂಡಿಡುವ ಪದ್ಧತಿ ಪ್ರಸಿದ್ಧವಾಗಿದೆ. ಗಾಳಿಯಾಡದ ಗುಂಡಿಯಲ್ಲಿ ಹುಳು ಬದುಕದು ಎಂಬುದು ಅದರ ವಿಜ್ಞಾನ. ಬಾಯಿ ತೆರೆದೊಡನೆ ಒಳಗಿಳಿದರೆ ಮನುಷ್ಯನೂ ಬದುಕಲಾರ ಎಂಬುದು ಅದರ ಎಚ್ಚರಿಕೆ. ಆದ್ದರಿಂದ ಮಕ್ಕಳಿಗೆ ಹಗೇವನ್ನು ಮೇಲಿನಿಂದ ಮಾತ್ರ ತೋರಿಸಬೇಕು.

ತಾಲೂಕಿನೊಳಗಿನ ಪಾಠಗಳು

ಪ್ರವಾಸಕ್ಕೆ ಹಣವಿಲ್ಲದ ಶಾಲೆಗೂ ದಾರಿಯುಂಟು. 1673ರಲ್ಲಿ ಶಿವಾಜಿ ಮಹಾರಾಜರ ಸೇನಾಪತಿ ಪ್ರತಾಪರಾವ ಗುಜರ ಅವರು ವಿಜಾಪುರದ ಬಹಲೋಲ್ ಖಾನನನ್ನು ಸುತ್ತುವರಿದದ್ದು ನಮ್ಮ ಉಮರಾಣಿಯ ಬಳಿ. ಖಾನನ ಸೈನ್ಯಕ್ಕೆ ನೀರು ಸಿಗದಂತೆ ಮಾಡಿದ್ದೇ ಆ ಯುದ್ಧದ ತಂತ್ರ. ಬೇಸಿಗೆಯ ಒಂದು ಬೆಳಿಗ್ಗೆ ಮಕ್ಕಳನ್ನು ಆ ಬಯಲಿನಲ್ಲಿ ನಡೆಸಿ, ನೀರು ಎಲ್ಲಿದೆ ಎಂದು ಹುಡುಕಿಸಿದರೆ ಯುದ್ಧದ ಮರ್ಮ ಅವರಿಗೆ ತಾನೇ ಹೊಳೆಯುತ್ತದೆ. ನೀರಿನ ಕೊರತೆಯನ್ನು ಜತ್ತದ ಮಗುವಿಗೆ ಯಾರೂ ವಿವರಿಸಬೇಕಾಗಿಲ್ಲ.

ಇನ್ನೊಂದು ಪಾಠ 1972ರ ಬರಗಾಲ. ಅಂದು ಬರಗಾಲದ ಕಾಮಗಾರಿಗಳಲ್ಲಿ ಕಲ್ಲು ಒಡೆದವರು, ಹೊರಗಿನಿಂದ ಬಂದ ಕೆಂಪು ಮೈಲೋ ಜೋಳದ ರೊಟ್ಟಿ ತಿಂದವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಮಹಾರಾಷ್ಟ್ರದ ಉದ್ಯೋಗ ಖಾತರಿ ಯೋಜನೆ ಬೆಳೆದುಬಂದದ್ದು ಅದೇ ಬರದ ಅನುಭವದಿಂದ. ಅಂದು ಹದಿನೈದರ ಹರೆಯದಲ್ಲಿದ್ದವರು ಇಂದು ಎಪ್ಪತ್ತರ ಅಂಚಿನಲ್ಲಿದ್ದಾರೆ. ಈ ಪಾಠವನ್ನು ಹತ್ತು ವರ್ಷ ಮುಂದೂಡಲು ಬಾರದು.

ಶಾಲೆಯಲ್ಲೊಂದು ಮೂಲೆ

ರಾಷ್ಟ್ರೀಯ ಶಿಕ್ಷಣ ನೀತಿ 2020 ಅನುಭವದ ಕಲಿಕೆಗೆ ಒತ್ತು ಕೊಟ್ಟಿದೆ. 6ರಿಂದ 8ನೇ ತರಗತಿಯವರಿಗೆ ಹತ್ತು ದಿನಗಳ ಚೀಲರಹಿತ ಅವಧಿಯನ್ನೂ ಸೂಚಿಸಿದೆ. ಈ ಅವಕಾಶವನ್ನು ಬಳಸಿಕೊಳ್ಳುವ ಶಿಕ್ಷಕರಿಗೆ ನಾವು ಸೂಚಿಸುವ ಕ್ರಮ ಇದು.

ಮೊದಲು, ಪ್ರತಿ ಮಗು ತನ್ನ ಮನೆಯ ಒಂದು ಹಳೆಯ ವಸ್ತುವನ್ನು ಆರಿಸಲಿ. ಎರಡನೆಯದಾಗಿ, ವಸ್ತುವಿನ ಕನ್ನಡ ಹೆಸರು, ಮರಾಠಿ ಹೆಸರು, ಮಾಡಿದ ಕಸುಬುದಾರ, ಬಳಸಿದವರು, ನಿಂತುಹೋದ ಕಾಲ ಇವಿಷ್ಟನ್ನು ದಾಖಲೆ ಪುಸ್ತಕದಲ್ಲಿ ಬರೆಯಲಿ. ಬೀಸುವ ಕಲ್ಲಿನ ಪಕ್ಕದಲ್ಲಿ ‘ಜಾತೆ’, ಒನಕೆಯ ಪಕ್ಕದಲ್ಲಿ ‘ಮುಸಳ’, ಕಣದ ಪಕ್ಕದಲ್ಲಿ ‘ಖಳೆ’ ಎಂದು ಸೇರಿದರೆ ಅದೊಂದು ಗಡಿಭಾಗದ ನಿಘಂಟೇ ಆದೀತು. ಮೂರನೆಯದಾಗಿ, ವಸ್ತುವನ್ನು ಬಳಸಬಲ್ಲ ಹಿರಿಯರನ್ನು ಶಾಲೆಗೆ ಕರೆದು, ಕಲಿಸುವ ಗೌರವವನ್ನು ಅವರಿಗೆ ಕೊಡಬೇಕು. ಕೊನೆಗೆ, ಸೇರು, ಪಾಯಲಿಗಳಿಂದ ಅಳೆದ ಕಾಳನ್ನು ಕಿಲೋ ತಕ್ಕಡಿಯಲ್ಲಿ ತೂಗಿಸಬೇಕು. ಗಣಿತವೂ ಇತಿಹಾಸವೂ ಅಲ್ಲಿ ಕೂಡುತ್ತವೆ. ಪಡೆದ ವಸ್ತುವಿಗೆ ಕೊಟ್ಟವರ ಒಪ್ಪಿಗೆ ಇರಲಿ, ಕೇಳಿದಾಗ ಮರಳಿಸುವ ಮಾತೂ ಇರಲಿ.

ಒಂದು ಎಚ್ಚರ ಅಗತ್ಯ. ಸಂಗ್ರಹಾಲಯದ ಹಳ್ಳಿ ಯಾವಾಗಲೂ ಸುಂದರವಾಗಿ ಕಾಣುತ್ತದೆ. ನಿಜವಾದ ಹಳ್ಳಿ ಎಲ್ಲರಿಗೂ ಹಾಗಿರಲಿಲ್ಲ. ಆಯಗಾರರಲ್ಲಿ ಯಾರಿಗೆ ಎಷ್ಟು ಆಯ ಸಿಗುತ್ತಿತ್ತು, ಯಾರನ್ನು ಬಾವಿಯಿಂದ ದೂರ ಇಡಲಾಗಿತ್ತು, ಬೀಸುವ ಕಲ್ಲಿನ ಮುಂದೆ ಕುಳಿತವಳಿಗೆ ಶಾಲೆ ಏಕೆ ಸಿಗಲಿಲ್ಲ ಎಂಬ ಪ್ರಶ್ನೆಗಳನ್ನೂ ಮಕ್ಕಳು ಕೇಳಲಿ. ಹಿರಿಯರು ಉತ್ತರಿಸಲು ತಡವರಿಸಿದರೂ ಅದೂ ಇತಿಹಾಸವೇ.

ಜತ್ತಕ್ಕೆ ದೊಡ್ಡ ಸಂಗ್ರಹಾಲಯ ಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಅದು ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಅಟ್ಟದ ಮೇಲೆ ಕೂರಿಗೆ ಇದೆ, ಅದನ್ನು ಹೂಡಬಲ್ಲ ಅಜ್ಜ ಜಗಲಿಯ ಮೇಲಿದ್ದಾನೆ, ಕಲಿಯಬಲ್ಲ ಮೊಮ್ಮಗಳು ಶಾಲೆಯಲ್ಲಿದ್ದಾಳೆ. ಈ ಮೂವರನ್ನು ಒಂದೆಡೆ ಸೇರಿಸುವ ಕೆಲಸವನ್ನು ನಮ್ಮ ಶಾಲೆಗಳು ಈ ವರ್ಷವೇ ಆರಂಭಿಸಬಹುದು.