ವಿಯಾ ಫೆರಾಟಾ: ಗೈಡ್ ಜೊತೆಗಿನ ಆರೋಹಣದ ಆಯ್ಕೆ

ವಿಯಾ ಫೆರಾಟಾ ಎಂಬುದು ಕಡಿದಾದ ಬಂಡೆಗೆ ಉಕ್ಕಿನ ಕೇಬಲ್, ಏಣಿ, ಮೆಟ್ಟಿಲಂಥ ಸರಳುಗಳನ್ನು ಬಿಗಿದು, ಶಿಲಾರೋಹಣದ ತರಬೇತಿ ಇಲ್ಲದವರೂ ಏರುವಂತೆ ಮಾಡಿದ ಪರ್ವತ ದಾರಿ. ಹತ್ತುವವರ ಸೊಂಟದ ಹಾರ್ನೆಸ್‌ನಿಂದ ಎರಡು ಪಟ್ಟಿಗಳು ಹೊರಡುತ್ತವೆ. ಎರಡರ ತುದಿಯಲ್ಲೂ ಒಂದೊಂದು ಕ್ಯಾರಬೀನರ್ ಕೊಕ್ಕೆ. ಕೇಬಲನ್ನು ಬಂಡೆಗೆ ಹಿಡಿದಿಟ್ಟ ಗೂಟ ಎದುರಾದಾಗಲೆಲ್ಲ ಒಂದು ಕೊಕ್ಕೆಯನ್ನು ಬಿಚ್ಚಿ ಗೂಟದಾಚೆ ಹಾಕಿ, ಆಮೇಲಷ್ಟೇ ಇನ್ನೊಂದನ್ನು ಬಿಚ್ಚಬೇಕು. ಆಸ್ಟ್ರಿಯಾದ ಡಾಖ್‌ಸ್ಟೈನ್‌ನಲ್ಲಿ 1843ರಲ್ಲೇ ಇಂಥ ಕಬ್ಬಿಣದ ಆಸರೆಗಳು ಬಂದಿದ್ದವು. ಆದರೆ ಈ ದಾರಿಗಳ ತವರು ಎಂದು ಹೆಸರಾದದ್ದು ಉತ್ತರ ಇಟಲಿಯ ಡೊಲೊಮೈಟ್ಸ್. 1915ರಿಂದ 1917ರವರೆಗೆ ಇಟಲಿ ಮತ್ತು ಆಸ್ಟ್ರಿಯಾ-ಹಂಗೆರಿಯ ಸೈನಿಕರು ಅಲ್ಲಿನ ಶಿಖರಗಳಲ್ಲಿ ಎದುರುಬದುರಾಗಿ ನಿಂತು, ಆಹಾರ, ಮದ್ದುಗುಂಡು ಸಾಗಿಸಲು ಬಂಡೆಗಳಿಗೆ ಏಣಿ, ಹಗ್ಗ ಹೂಡಿದರು, ಸುರಂಗ ಕೊರೆದರು. ಯುದ್ಧ ಮುಗಿದ ಮೇಲೆ ಪರ್ವತಾರೋಹಣ ಸಂಘಗಳು ಅಂಥ ಹಲವು ದಾರಿಗಳನ್ನು ದುರಸ್ತಿ ಮಾಡಿದವು, ಹೊಸವನ್ನೂ ಕಟ್ಟಿದವು.

ಗೈಡ್ ಜೊತೆ ಇಂಥ ದಾರಿಗೆ ಹೋಗಬಯಸುವವರು ಸಾಮಾನ್ಯವಾಗಿ ಶಿಖರದ ಎತ್ತರ, ತೂಗುಸೇತುವೆಯ ಚಿತ್ರ, ಕಠಿಣತೆಯ ಶ್ರೇಣಿ ನೋಡಿ ಆರಿಸಿಕೊಳ್ಳುತ್ತಾರೆ. ಇವು ಮೂರೂ ಹೇಳುವುದು ಮೇಲೇರುವುದರ ಬಗ್ಗೆ. ಆಯ್ಕೆಯಲ್ಲಿ ಮೊದಲು ತೂಗಿ ನೋಡಬೇಕಾದದ್ದು ಮಾತ್ರ ಬೇರೆ: ದಾರಿಯ ನಡುವೆ ಎಲ್ಲೆಲ್ಲಿ ಹೊರಬರಬಹುದು, ಅಲ್ಲಿಂದ ಹೊರಗೆ ಕರೆತರುವ ಸ್ವಾತಂತ್ರ್ಯ ಗೈಡ್‌ಗೆ ಎಷ್ಟಿದೆ ಎಂಬುದು. ಇದಕ್ಕೆ ಕಾರಣ ಸಲಕರಣೆಯ ಭೌತಶಾಸ್ತ್ರದಲ್ಲೇ ಇದೆ. ಬಿದ್ದ ದೂರವನ್ನು ತಡೆಯುವ ಹಗ್ಗದ ಉದ್ದದಿಂದ ಭಾಗಿಸಿದರೆ ಪತನದ ತೀವ್ರತೆಯ ಅಂದಾಜು ಸಿಗುತ್ತದೆ. ಹಗ್ಗ ಕಟ್ಟಿ ಬಂಡೆ ಹತ್ತುವಾಗ ಈ ಅಂಕಿ ಸಾಮಾನ್ಯವಾಗಿ 2ನ್ನು ದಾಟುವುದಿಲ್ಲ. ವಿಯಾ ಫೆರಾಟಾದಲ್ಲಾದರೋ ಕೈ ಜಾರಿದವರು ಕೇಬಲ್ ಗುಂಟ ಕೆಳಗಿನ ಗೂಟದವರೆಗೂ ಜಾರಿ, ಅದರಾಚೆ ಪಟ್ಟಿಯ ಉದ್ದದಷ್ಟು ಇನ್ನೂ ಬೀಳುತ್ತಾರೆ. ಒಂದು ಮೀಟರ್ ಪಟ್ಟಿಯ ಮೇಲೆ 5 ಮೀಟರ್ ಬಿದ್ದರೆ ಅಂಕಿ 5 ಆಗುತ್ತದೆ. ಆ ಹೊಡೆತವನ್ನು ಹೀರಲೆಂದೇ ಪಟ್ಟಿಯ ಬುಡದಲ್ಲಿ ಹರಿದುಕೊಳ್ಳುವ ಆಘಾತಹೀರಕವನ್ನು ಹೊಲಿದಿರುತ್ತಾರೆ. ಅದು ಪಟ್ಟಿ ತುಂಡಾಗದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಬೀಳುವಾಗ ನಡುವೆ ಸಿಗುವ ಸರಳು, ಬಂಡೆಯ ಚಾಚುಗಳಿಂದ ಮೈಯನ್ನು ಉಳಿಸಲಾರದು. ಇಲ್ಲಿ ಬೀಳುವುದೇ ಗಂಭೀರ ಅಪಘಾತ, ಹಾಗಾಗಿ ತೋಳು ಸೋಲುವುದೇ ಅದರ ಮೊದಲ ಹಂತ.

ರಕ್ಷಣಾ ಕಾರ್ಯಾಚರಣೆಗಳ ಅನುಭವವೂ ಇದನ್ನೇ ತೋರಿಸುತ್ತದೆ. ಜರ್ಮನ್ ಆಲ್ಪೈನ್ ಕ್ಲಬ್ಬಿನ ಅಪಘಾತ ವರದಿಗಳಲ್ಲಿ ವಿಯಾ ಫೆರಾಟಾಗಳಿಂದ ಬರುವ ಸಹಾಯದ ಕರೆಗಳ ದೊಡ್ಡ ಪಾಲು ಗಾಯಾಳುಗಳದ್ದಲ್ಲ. ದಣಿವಿನಿಂದಲೋ ಭಯದಿಂದಲೋ ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಇಳಿಯಲಾರದೆ ಸಿಕ್ಕಿಕೊಂಡವರದ್ದು. ಏರುವುದಕ್ಕಿಂತ ಇಳಿಯುವುದು ಕಷ್ಟ. ಹಿಂದಿನಿಂದ ಜನ ಬರುತ್ತಿದ್ದರೆ ಇನ್ನೂ ಕಷ್ಟ. ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿಳಿದವರ ಕಾಲಿಗೂ ಎದೆಗೂ ಕಸುವಿರುವುದು ನಿಜ, ಆದರೆ ಮುಂದೋಳಿನ ಬಲ ನಡಿಗೆಯಿಂದ ಬರುವುದಿಲ್ಲ. ಮೇಲಾಗಿ ಡೊಲೊಮೈಟ್ಸ್‌ನಲ್ಲಿ ಜುಲೈ, ಆಗಸ್ಟ್ ತಿಂಗಳ ಮಧ್ಯಾಹ್ನಗಳು ಗುಡುಗು ಮಳೆಯವು. ಆಗ ಕೈಯಲ್ಲಿ ಹಿಡಿದಿರುವ ಕೇಬಲ್ಲೇ ಸಿಡಿಲಿನ ವಿದ್ಯುತ್ತನ್ನು ಒಯ್ಯುವ ತಂತಿ.

ಒಂದು ದಾರಿಯನ್ನು ಈ ಕಣ್ಣಿನಿಂದ ನೋಡಿದರೆ ವಾದ ಸ್ಪಷ್ಟವಾಗುತ್ತದೆ. ಕೊರ್ಟೀನಾ ದಾಂಪೆಟ್ಸೋ ಊರಿನ ಬಳಿಯ 3,225 ಮೀಟರ್ ಎತ್ತರದ ತೊಫಾನಾ ದಿ ರೋಜೆಸ್ ಶಿಖರಕ್ಕೆ ಹೋಗುವ ಜೊವಾನಿ ಲಿಪೆಲ್ಲಾ ಮಾರ್ಗ, 1916ರಲ್ಲಿ ಇಟಲಿಯ ಸೈನಿಕರು ಕಾಸ್ತೆಲೆತ್ತೊ ಬಂಡೆಯ ಕೆಳಗೆ ಸಿಡಿಮದ್ದು ತುಂಬಲು ಕೊರೆದ ಸುರಂಗದೊಳಗಿಂದ ಸಾಗುತ್ತದೆ. ತಲೆದೀಪ ಇಲ್ಲದೆ ಒಳಹೋಗುವಂತಿಲ್ಲ. ಮಾರ್ಗದ ಬಹುಪಾಲು ನೆರಳಿನ ಮಗ್ಗುಲಲ್ಲಿದ್ದು, ಬೇಸಿಗೆ ಬಂದ ಮೇಲೂ ಹಿಮ ಉಳಿದಿರುತ್ತದೆ. ನಡುವೆ ‘ಮೂರು ಬೆರಳು’ ಎಂದು ಕರೆಯುವ ಜಾಗದಿಂದ ಜುಸ್ಸಾನಿ ಪರ್ವತಧಾಮದ ಕಡೆ ಹೊರಬೀಳಬಹುದು. ಆದರೆ ಅತಿ ಕಷ್ಟದ ಭಾಗ ಇರುವುದು ಅದರ ನಂತರ. ಹಾಗಾಗಿ ಇಡೀ ದಿನದ ನಿರ್ಣಾಯಕ ಕ್ಷಣ ಶಿಖರದಲ್ಲಿಲ್ಲ, ಈ ಕವಲಿನಲ್ಲಿದೆ. ಬಂದವರ ಕೈ ನಡುಗುತ್ತಿದೆಯೇ, ಮೋಡ ಕಟ್ಟುತ್ತಿದೆಯೇ, ಗಂಟೆ ಎಷ್ಟಾಯಿತು ಎಂಬುದನ್ನು ನೋಡಿ ಅಲ್ಲಿ ‘ಇವತ್ತಿಗೆ ಸಾಕು’ ಎನ್ನಬಲ್ಲ ವ್ಯಕ್ತಿಗೇ ಹಣ ಕೊಡಬೇಕಾದದ್ದು.

ಶ್ರೇಣಿಯ ಅಕ್ಷರ ಇಷ್ಟನ್ನು ಹೇಳಲಾರದು. ಆಸ್ಟ್ರಿಯಾ, ಜರ್ಮನಿಗಳಲ್ಲಿ ಬಳಸುವ ‘ಎ’ಯಿಂದ ‘ಎಫ್’ವರೆಗಿನ ಶ್ರೇಣಿ ಮುಖ್ಯವಾಗಿ ಕೇಬಲ್ ಭಾಗದ ಕಷ್ಟವನ್ನು ಅಳೆಯುತ್ತದೆ. ಇಂಗ್ಲಿಷ್ ಕೈಪಿಡಿಗಳಲ್ಲಿ ಬಳಕೆಯಲ್ಲಿರುವ ಪದ್ಧತಿ 1ರಿಂದ 5ರವರೆಗಿನ ಅಂಕಿಯ ಜೊತೆಗೆ ‘ಎ’ಯಿಂದ ‘ಸಿ’ವರೆಗೆ ಒಂದು ಅಕ್ಷರವನ್ನೂ ಕೊಡುತ್ತದೆ: ಅಂಕಿ ಏರುವ ಕಷ್ಟಕ್ಕೆ; ಅಕ್ಷರ ಪರ್ವತದ ಗಾಂಭೀರ್ಯಕ್ಕೆ, ಅಂದರೆ ಉದ್ದ, ಹವೆ, ಹಿಂದಿರುಗುವ ಸೌಲಭ್ಯಗಳಿಗೆ. ಹೊಸಬರು ಮೊದಲು ನೋಡಬೇಕಾದದ್ದು ಈ ಅಕ್ಷರವನ್ನು.

ಗೈಡ್‌ನ ಅರ್ಹತೆಯನ್ನು ಪರೀಕ್ಷಿಸುವುದು ಕಷ್ಟವಲ್ಲ. ಇಟಲಿಯಲ್ಲಿ 1989ರ 6ನೇ ಕಾನೂನಿನ ಪ್ರಕಾರ ಹಗ್ಗ ಮತ್ತು ಆರೋಹಣ ಸಲಕರಣೆ ಬೇಕಾಗುವ ಕಡೆ ಜನರನ್ನು ಕರೆದೊಯ್ಯುವುದು ಪರ್ವತ ಗೈಡ್‌ಗಳಿಗೆ ಮೀಸಲಾದ ವೃತ್ತಿ. ಬರೀ ಚಾರಣದ ಪರವಾನಗಿ ಸಾಲದು. 1965ರಲ್ಲಿ ಸ್ಥಾಪನೆಯಾದ ಪರ್ವತ ಗೈಡ್ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟದ ಬಿಲ್ಲೆ ಹಲವು ದೇಶಗಳಲ್ಲಿ ಮಾನ್ಯ. ಬಿಲ್ಲೆಯಷ್ಟೇ ಮುಖ್ಯವಾದದ್ದು ಬುಕಿಂಗ್‌ನ ಷರತ್ತು. ದಿನಾಂಕವನ್ನೂ ಶಿಖರವನ್ನೂ ಮೊದಲೇ ಗಟ್ಟಿಮಾಡಿ, ಬದಲಾದರೆ ಹಣ ಹೋಯಿತು ಎನ್ನುವ ಒಪ್ಪಂದ ಗೈಡ್‌ನನ್ನೂ ಗ್ರಾಹಕರನ್ನೂ ಮೇಲಕ್ಕೇ ತಳ್ಳುತ್ತದೆ. ದಿನವನ್ನೂ ಗೈಡ್‌ನನ್ನೂ ಗೊತ್ತುಮಾಡಿ, ದಾರಿಯನ್ನು ಹಿಂದಿನ ಸಂಜೆಯ ಹವೆ ನೋಡಿ ತೀರ್ಮಾನಿಸುವ ಒಪ್ಪಂದ ಎಷ್ಟೋ ಮೇಲು.

ಕೇಬಲ್ ಇರುವಾಗ ಗೈಡ್ ಯಾಕೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಕೊಕ್ಕೆ ಬದಲಿಸುವ ಕ್ರಮ ಮೈಗೂಡಿರುವ, ಪರ್ವತದ ಹವೆ ಬಲ್ಲವರಿಗೆ ಚಿಕ್ಕ, ಸುಲಭ ಮಾರ್ಗಗಳಲ್ಲಿ ಗೈಡ್ ಬೇಕಿಲ್ಲ. ಹೊಸಬರಿಗಾದರೋ ಕೇಬಲ್ ದಾರಿ ತೋರಿಸುತ್ತದೆಯೇ ಹೊರತು ಯಾವಾಗ ನಿಲ್ಲಬೇಕೆಂದು ಹೇಳುವುದಿಲ್ಲ. ಇನ್ನೂ ತೂಕದ ಆಕ್ಷೇಪವೆಂದರೆ ಗೈಡ್ ಇದ್ದಲ್ಲೂ ಸಾವು ಬಂದಿದೆ ಎಂಬುದು. ಮಲೇಷ್ಯಾದ ಕಿನಬಾಲು ಪರ್ವತದಲ್ಲಿ 2015ರ ಜೂನ್ 5ರಂದು ಭೂಕಂಪದಿಂದ ಬಂಡೆಗಳು ಉರುಳಿ 18 ಮಂದಿ ತೀರಿಕೊಂಡರು. ಅವರಲ್ಲಿ ಸಿಂಗಾಪುರದ ಶಾಲಾ ಮಕ್ಕಳೂ ಸ್ಥಳೀಯ ಗೈಡ್‌ಗಳೂ ಇದ್ದರು. ಆ ದುಃಖದ ಮುಂದೆ ಯಾವ ಗೈಡ್‌ನ ಜಾಣ್ಮೆಯೂ ನಿಲ್ಲದು. ಗೈಡ್ ತಗ್ಗಿಸಬಲ್ಲದ್ದು ನಮ್ಮ ತೀರ್ಮಾನಗಳಿಂದ ಬರುವ ಅಪಾಯವನ್ನು. ಪರ್ವತದ್ದೇ ಆದ ಅಪಾಯ ಪೂರ್ತಿ ಹೋಗದು ಎಂಬುದನ್ನು ಒಪ್ಪಿಯೇ ಹೊರಡಬೇಕು.

ಮಕ್ಕಳನ್ನು ಕರೆದೊಯ್ಯುವ ಕುಟುಂಬಗಳು ಎರಡು ಸಂಗತಿ ಗಮನಿಸಬೇಕು. ಆಘಾತಹೀರಕಗಳ ಯೂರೋಪಿಯನ್ ಮಾನಕ 40ರಿಂದ 120 ಕಿಲೋ ತೂಕದವರನ್ನು ಲೆಕ್ಕಕ್ಕೆ ಹಿಡಿದಿದೆ. ಅದಕ್ಕಿಂತ ಹಗುರವಾದ ಮಗುವನ್ನು ಮೇಲಿನಿಂದ ಹಗ್ಗದಲ್ಲಿ ಹಿಡಿಯಲೇಬೇಕು. ಹಾಗೆ ಹಿಡಿಯುವ ಗೈಡ್ ದೊಡ್ಡ ಗುಂಪನ್ನು ಒಟ್ಟಿಗೆ ನೋಡಿಕೊಳ್ಳಲಾರರು, ಆದ್ದರಿಂದ ಒಬ್ಬ ಗೈಡ್‌ಗೆ ಎಷ್ಟು ಮಂದಿ ಎಂದು ಮೊದಲೇ ಕೇಳಬೇಕು. ಎರಡನೆಯದು ಕಾಲ. ಕರ್ನಾಟಕದ ಶಾಲೆಗಳಿಗೆ ರಜೆ ಇರುವ ಏಪ್ರಿಲ್, ಮೇ ತಿಂಗಳಲ್ಲಿ ಡೊಲೊಮೈಟ್ಸ್‌ನ ಎತ್ತರದ ಮಾರ್ಗಗಳು ಇನ್ನೂ ಹಿಮದಡಿ ಇರುತ್ತವೆ. ಪರ್ವತಧಾಮಗಳು ಸಾಮಾನ್ಯವಾಗಿ ಜೂನ್ ಕೊನೆಯ ಹೊತ್ತಿಗೆ ತೆರೆಯುತ್ತವೆ. ಆ ರಜೆಯಲ್ಲೇ ಹೋಗಬೇಕೆಂದರೆ ಗಾರ್ಡಾ ಸರೋವರದ ಉತ್ತರಕ್ಕೆ, ಆರ್ಕೊ ಊರಿನ ಪಕ್ಕದಲ್ಲಿರುವ ಕೊಲೊದ್ರಿಯಂಥ ತಗ್ಗಿನ, ಚಿಕ್ಕ ಮಾರ್ಗವನ್ನು ಆರಿಸಿಕೊಳ್ಳುವುದು ಒಳ್ಳೆಯದು.