ಮಂದಗಾಮಿಗಳು ಮುಂದೇನಾದರು?

ಮಂದಗಾಮಿಗಳಿಗೂ ತೀವ್ರಗಾಮಿಗಳಿಗೂ ಇರುವ ವ್ಯತ್ಯಾಸವನ್ನು ಬರೆಯಿರಿ ಎಂದರೆ ನೀವೆಲ್ಲ ಪುಟದ ನಡುವೆ ಗೆರೆ ಎಳೆದು ಉತ್ತರಿಸುತ್ತಿದ್ದಿರಿ. ಎಡಗಡೆ ಮನವಿ, ಪ್ರಾರ್ಥನೆ. ಬಲಗಡೆ ಸ್ವರಾಜ್ಯ, ಬಹಿಷ್ಕಾರ. ನಾನು ಪೂರ್ಣ ಅಂಕ ಕೊಡುತ್ತಿದ್ದೆ. ಎಡಗಡೆಯವರು ಮುಂದೇನಾದರೆಂಬುದನ್ನು ಮಾತ್ರ ಹೇಳಿಕೊಡಲಿಲ್ಲ. ಆ ಬಾಕಿಯನ್ನು ಇಂದು ತೀರಿಸುತ್ತೇನೆ.

1907ರ ಡಿಸೆಂಬರಿನಲ್ಲಿ ಸೂರತ್ ಅಧಿವೇಶನದಲ್ಲಿ ಕಾಂಗ್ರೆಸ್ ಒಡೆಯಿತು. ವೇದಿಕೆಯತ್ತ ತೂರಿಬಂದ ಪಾದರಕ್ಷೆಯೊಂದು ಸುರೇಂದ್ರನಾಥ ಬ್ಯಾನರ್ಜಿಯವರಿಗೂ ಫಿರೋಜ್‌ಷಾ ಮೆಹ್ತಾ ಅವರಿಗೂ ತಗುಲಿತು. ಆದರೆ ಅಂದು ಹೊರಬಿದ್ದವರು ತಿಲಕರ ಬಣದವರು. ಮರುವರ್ಷ ತಿಲಕರು ರಾಜದ್ರೋಹದ ಆಪಾದನೆಗೆ ಗುರಿಯಾಗಿ ಮಂಡಾಲೆಯ ಸೆರೆಮನೆ ಸೇರಿದರು. ಪಕ್ಷವು ಮಂದಗಾಮಿಗಳ ಕೈಯಲ್ಲಿಯೇ ಉಳಿಯಿತು. ಆದರೆ ಜನರ ಮನಸ್ಸು ಉಳಿಯಲಿಲ್ಲ. 1909ರ ಸುಧಾರಣೆಗಳು ಜವಾಬ್ದಾರಿ ಸರ್ಕಾರವನ್ನು ಕೊಡಲಿಲ್ಲ. 1915ರಲ್ಲಿ ಗೋಖಲೆಯವರೂ ಮೆಹ್ತಾ ಅವರೂ ತೀರಿಕೊಂಡರು. 1916ರ ಲಕ್ನೋ ಅಧಿವೇಶನಕ್ಕೆ ತಿಲಕರು ಮರಳಿ ಬಂದರು.

ನಿಜವಾದ ಅಗಲಿಕೆ ನಡೆದದ್ದು 1918ರಲ್ಲಿ. ಮಾಂಟೆಗು-ಚೆಲ್ಮ್ಸ್‌ಫರ್ಡ್ ವರದಿಯು ನಿರಾಶಾದಾಯಕವೆಂದು ಮುಂಬಯಿಯ ವಿಶೇಷ ಅಧಿವೇಶನವು ನಿರ್ಣಯಿಸಿತು. ಸುರೇಂದ್ರನಾಥರೂ ಅವರ ಸಂಗಡಿಗರೂ ಅಲ್ಲಿಗೆ ಹೋಗಲಿಲ್ಲ. ನವೆಂಬರಿನಲ್ಲಿ ಅದೇ ನಗರದಲ್ಲಿ ಪ್ರತ್ಯೇಕ ಸಭೆ ಸೇರಿದರು. ಅದರಿಂದಲೇ ಲಿಬರಲ್ ಫೆಡರೇಶನ್ ಬೆಳೆಯಿತು. 1895 ಮತ್ತು 1902ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು, ವಂಗಭಂಗದ ವಿರುದ್ಧ ಬಂಗಾಳವನ್ನೇ ಎಬ್ಬಿಸಿದವರು, ತಾವು ಕಟ್ಟಿದ ಮನೆಯಿಂದಲೇ ಹೊರನಡೆದಿದ್ದರು. ಅವರ ಮಾತು ಬದಲಾಗಿರಲಿಲ್ಲ, ಕಾಲ ಬದಲಾಗಿತ್ತು. 1919ರಲ್ಲಿ ರೌಲಟ್ ಕಾಯಿದೆ, ಜಲಿಯನ್‌ವಾಲಾ ಬಾಗ್. 1920ರ ನಾಗಪುರದಲ್ಲಿ ಅಸಹಕಾರಕ್ಕೆ ಮುದ್ರೆ. ಅದನ್ನು ವಿರೋಧಿಸಿದ ಜಿನ್ನಾ ಕೂಡ ಕಾಂಗ್ರೆಸ್ಸನ್ನು ತೊರೆದರು. ಬಂಗಾಳದಲ್ಲಿ ಮಂತ್ರಿಯಾದ ಸುರೇಂದ್ರನಾಥರನ್ನು 1923ರ ಚುನಾವಣೆಯಲ್ಲಿ ಡಾ. ಬಿಧಾನ್‌ಚಂದ್ರ ರಾಯ್ ಸೋಲಿಸಿದರು.

ಹಾಗಾದರೆ ಕಾಂಗ್ರೆಸ್ ತಪ್ಪು ಮಾಡಿತೇ? ನಾನು ಹಾಗೆನ್ನಲಾರೆ. ಮನವಿಪತ್ರಗಳಿಂದ ರೈತನ ಮನೆಬಾಗಿಲನ್ನು ತಲುಪಲು ಆಗುತ್ತಿರಲಿಲ್ಲ. ಆದರೆ ಪಕ್ಷವು ದಿಕ್ಕು ಬದಲಿಸಿದಾಗ ಹಿಂದುಳಿದವರನ್ನೆಲ್ಲ ಹೇಡಿಗಳೆಂದು ಕರೆಯುವುದು ಸುಲಭ, ಅದು ನ್ಯಾಯವಲ್ಲ. 1931ರ ಗಾಂಧಿ-ಇರ್ವಿನ್ ಒಪ್ಪಂದಕ್ಕೆ ದಾರಿ ಮಾಡಿಕೊಟ್ಟ ಮಧ್ಯಸ್ಥರಲ್ಲಿ ಲಿಬರಲ್ಲರಾದ ತೇಜ್ ಬಹಾದ್ದೂರ್ ಸಪ್ರೂ, ಶ್ರೀನಿವಾಸ ಶಾಸ್ತ್ರಿಗಳೂ ಇದ್ದರು. ಎರಡು ಕಡೆಯವರೂ ಮಾತಾಡಬಲ್ಲ ಮನುಷ್ಯರು ಆಗ ಬೇಕಾದರು.

ಪುಟದ ನಡುವೆ ಅಂದು ನಿಮ್ಮಿಂದ ಎಳೆಸಿದ ಗೆರೆ ಪರೀಕ್ಷೆಗೆ ಸಾಕಾಗಿತ್ತು. ಇತಿಹಾಸಕ್ಕೆ ಅದು ಸಾಲದು.