ಬೆಕ್ಕು ಸುಮ್ಮನೆ ಕುಣಿಯೋದಿಲ್ಲ

ಹನ್ನೆರಡು ವರ್ಷದ ಮನೆಬೆಕ್ಕು. ಇಷ್ಟು ದಿನ ಸೋಫಾದ ಮೂಲೆ ಬಿಟ್ಟು ಕದಲದೆ ಇದ್ದದ್ದು ಈಗ ರಾತ್ರಿ ಮೂರು ಗಂಟೆಗೆ ಹಾಲ್ ಮಧ್ಯೆ ನಿಂತು ಇಡೀ ಅಪಾರ್ಟ್‌ಮೆಂಟಿಗೆ ಕೇಳೋ ಹಾಗೆ ಕೂಗುತ್ತೆ. ತಟ್ಟೆ ಖಾಲಿ ಮಾಡಿ ಹತ್ತೇ ನಿಮಿಷಕ್ಕೆ ಮತ್ತೆ ಕಾಲು ಸುತ್ತುತ್ತೆ, ಆದರೂ ಸವರಿದರೆ ಬೆನ್ನುಮೂಳೆ ಕೈಗೆ ಸಿಗುತ್ತೆ. ಮರಳಿನ ಟ್ರೇ ಬಿಟ್ಟು ಬಾತ್‌ರೂಮಿನ ಮ್ಯಾಟ್ ಮೇಲೆ ಉಚ್ಚೆ ಹೊಯ್ಯುತ್ತೆ. ಮನೆಯವರೆಲ್ಲ ಸೇರಿ ಕೊಡೋ ತೀರ್ಪು ಸಾಮಾನ್ಯವಾಗಿ ಒಂದೇ: "ವಯಸ್ಸಾಯ್ತಲ್ಲ, ಬುದ್ಧಿ ಕೆಟ್ಟಿದೆ, ಬಿಡಿ."

ಈ "ಬಿಡಿ" ಅನ್ನೋ ಮಾತಿಗೆ ಒಂದು ಚರಿತ್ರೆ ಇದೆ. ಅದು ಅಷ್ಟು ಮುದ್ದಾದ ಚರಿತ್ರೆ ಅಲ್ಲ.

ಜಪಾನಿನ ಕ್ಯೂಶೂ ದ್ವೀಪದಲ್ಲಿ ಮಿನಾಮಾಟಾ ಅಂತ ಒಂದು ಊರು. ಸುತ್ತ ಮೀನುಗಾರರ ಹಳ್ಳಿಗಳು. ಅಲ್ಲಿ ಬೆಕ್ಕು ಸಾಕುತ್ತಿದ್ದದ್ದು ಮುದ್ದಿಗೆ ಮಾತ್ರ ಅಲ್ಲ, ಬಲೆಗಳನ್ನು ಇಲಿ ಕಡಿಯದಿರಲಿ ಅಂತ. 1950ರ ದಶಕದ ಮೊದಲ ವರ್ಷಗಳಲ್ಲಿ ಆ ಬೆಕ್ಕುಗಳು ವಿಚಿತ್ರವಾಗಿ ಆಡತೊಡಗಿದವು. ತೂರಾಡೋದು, ಒಂದೇ ಕಡೆ ಗಿರಗಿರ ಸುತ್ತೋದು, ಗೋಡೆಗೆ ಹೋಗಿ ಬಡಿಯೋದು, ಕೆಲವಂತೂ ಓಡಿ ಸಮುದ್ರಕ್ಕೇ ಬೀಳೋದು. ಜನ ಅದಕ್ಕೆ "ಬೆಕ್ಕು ಕುಣಿತದ ರೋಗ" ಅಂತ ಹೆಸರಿಟ್ಟರು. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಅಂತೀವಲ್ಲ, ಇಲ್ಲಿ ನೋಡುವವರಿಗೆ ಚೆಲ್ಲಾಟವಾಗಿ ಕಂಡದ್ದು ಬೆಕ್ಕಿನ ಪ್ರಾಣಸಂಕಟ.

1954ರ ಆಗಸ್ಟ್‌ನಲ್ಲಿ ಸ್ಥಳೀಯ ಪತ್ರಿಕೆಯೊಂದು ಇದನ್ನು ಸುದ್ದಿ ಮಾಡಿತು. ಮೋದೋ ಎಂಬ ಹಳ್ಳಿಯಲ್ಲಿ ಬೆಕ್ಕುಗಳು ಹೆಚ್ಚುಕಡಿಮೆ ಎಲ್ಲವೂ ಸತ್ತುಹೋಗಿವೆ, ಇಲಿಗಳ ಕಾಟ ತಡೆಯಲಾಗದೆ ಊರಿನವರು ನಗರಾಡಳಿತಕ್ಕೆ ಅರ್ಜಿ ಕೊಟ್ಟಿದ್ದಾರೆ ಅಂತ. ಗಮನಿಸಿ, ಅರ್ಜಿ ಇದ್ದದ್ದು ಇಲಿಗಳ ಬಗ್ಗೆ! ಬೆಕ್ಕುಗಳು ಸತ್ತದ್ದು ಯಾಕೆ ಅನ್ನೋದು ಯಾರ ಕಡತದಲ್ಲೂ ಪ್ರಶ್ನೆಯಾಗಿ ಏಳಲಿಲ್ಲ.

ಎರಡು ವರ್ಷ ಕಳೆಯಿತು. 1956ರ ಏಪ್ರಿಲ್‌ನಲ್ಲಿ ಐದು ವರ್ಷದ ಹುಡುಗಿಯೊಬ್ಬಳನ್ನು ಆಸ್ಪತ್ರೆಗೆ ಕರೆತಂದರು. ನಡೆಯಲು ಆಗದು, ಮಾತು ತೊದಲು, ಮೈಯೆಲ್ಲ ಸೆಳೆತ. ಕೆಲವೇ ದಿನಗಳಲ್ಲಿ ಅವಳ ತಂಗಿಗೂ ಅದೇ ಲಕ್ಷಣ. ಚಿಸ್ಸೊ ರಾಸಾಯನಿಕ ಕಾರ್ಖಾನೆಯದೇ ಆಸ್ಪತ್ರೆ ಅದು. ಅದರ ಮುಖ್ಯಸ್ಥ ಡಾ. ಹಜಿಮೆ ಹೊಸೊಕಾವಾ ಮೇ 1ರಂದು ಆರೋಗ್ಯ ಇಲಾಖೆಗೆ ವರದಿ ಕೊಟ್ಟರು. ಮಿನಾಮಾಟಾ ರೋಗ ಅಧಿಕೃತವಾಗಿ ಪತ್ತೆಯಾದ ದಿನ ಅಂತ ಇವತ್ತಿಗೂ ಗುರುತಿಸೋದು ಅದನ್ನೇ.

ಮುಂದಿನ ವರ್ಷ ಅಲ್ಲಿನ ಆರೋಗ್ಯ ಕೇಂದ್ರದವರು ಆರೋಗ್ಯವಾಗಿದ್ದ ಬೆಕ್ಕುಗಳಿಗೆ ಕೊಲ್ಲಿಯ ಮೀನು ತಿನ್ನಿಸಿ ನೋಡಿದರು. ಕೆಲವೇ ವಾರಗಳಲ್ಲಿ ಅವೂ ಕುಣಿಯತೊಡಗಿದವು. ದೋಷ ಮೀನಿನಲ್ಲಿದೆ ಅನ್ನೋದು ಗೊತ್ತಾಯ್ತು. ಮೀನಿಗೆ ಅದು ಬಂದದ್ದು ಎಲ್ಲಿಂದ? ಚಿಸ್ಸೊ ಕಾರ್ಖಾನೆ ಅಸಿಟಾಲ್ಡಿಹೈಡ್ ತಯಾರಿಸಲು ಪಾದರಸ ಬಳಸುತ್ತಿತ್ತು, ತ್ಯಾಜ್ಯವನ್ನು 1932ರಿಂದಲೂ ಕಡಲಿಗೆ ಬಿಡುತ್ತಿತ್ತು. 1959ರ ಜುಲೈನಲ್ಲಿ ಕುಮಾಮೊಟೊ ವಿಶ್ವವಿದ್ಯಾಲಯದ ತಂಡ ಸಾವಯವ ಪಾದರಸದ ಕಡೆ ಬೆರಳು ತೋರಿಸಿತು. ಕಂಪನಿ ಒಪ್ಪಲಿಲ್ಲ.

ಅದೇ ತಿಂಗಳು ಹೊಸೊಕಾವಾ ತಮ್ಮ ಪ್ರಯೋಗಾಲಯದಲ್ಲಿ ಒಂದು ಬೆಕ್ಕಿಗೆ ಕಾರ್ಖಾನೆಯ ತ್ಯಾಜ್ಯವನ್ನು ಆಹಾರದಲ್ಲಿ ಬೆರೆಸಿ ಕೊಡಲು ಶುರುಮಾಡಿದರು. ಅದರ ಸಂಖ್ಯೆ 400. ಅಕ್ಟೋಬರ್‌ನಲ್ಲಿ ಅದು ತೂರಾಡಿತು, ಸೆಳೆತ ಬಂದು ಬಿತ್ತು. ಉತ್ತರ ಕಣ್ಣೆದುರೇ ಇತ್ತು. ಕಂಪನಿ ಆ ಪ್ರಯೋಗಕ್ಕೆ ತಡೆ ಹಾಕಿ ಫಲಿತಾಂಶವನ್ನು ಮುಚ್ಚಿಟ್ಟಿತು. ಡಿಸೆಂಬರ್‌ನಲ್ಲಿ ರೋಗಿಗಳ ಜೊತೆ "ಸಾಂತ್ವನ ಹಣ"ದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿತು. ನಾಳೆ ಕಾರಣ ಕಾರ್ಖಾನೆಯೇ ಅಂತ ಸಾಬೀತಾದರೂ ಹೆಚ್ಚಿನ ಪರಿಹಾರ ಕೇಳುವ ಹಾಗಿಲ್ಲ ಅನ್ನೋ ಷರತ್ತು ಅದರಲ್ಲಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಅನ್ನೋ ಗಾದೆಗೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ? ತ್ಯಾಜ್ಯ 1968ರ ತನಕ ಹರಿಯುತ್ತಲೇ ಇತ್ತು. 1970ರಲ್ಲಿ ಹೊಸೊಕಾವಾ ಹಾಸಿಗೆ ಹಿಡಿದಿದ್ದಾಗ ಕೊಟ್ಟ ಸಾಕ್ಷ್ಯದಲ್ಲಿ 400ನೇ ಬೆಕ್ಕಿನ ವಿಷಯ ನ್ಯಾಯಾಲಯದ ಮುಂದೆ ಬಂತು. ಅದೇ ವರ್ಷ ಅವರು ತೀರಿಕೊಂಡರು. 1973ರಲ್ಲಿ ನ್ಯಾಯಾಲಯ ಕಂಪನಿಯನ್ನೇ ಹೊಣೆ ಮಾಡಿತು, ಆ ಒಪ್ಪಂದವನ್ನೂ ರದ್ದುಮಾಡಿತು. ಅಧಿಕೃತವಾಗಿ ಗುರುತಿಸಿದ ರೋಗಿಗಳೇ ಎರಡು ಸಾವಿರಕ್ಕೂ ಹೆಚ್ಚು.

ಬ್ರಿಟನ್ನಿನ ಕಥೆ ಚಿಕ್ಕದು. 1990ರ ಮೇ ತಿಂಗಳಲ್ಲಿ ಬ್ರಿಸ್ಟಲ್‌ನ ಒಂದು ಸಯಾಮೀಸ್ ಬೆಕ್ಕು ಹಸುಗಳ "ಹುಚ್ಚು ರೋಗ"ದಂಥದ್ದೇ ಮಿದುಳಿನ ಕಾಯಿಲೆಯಿಂದ ಸತ್ತದ್ದು ಬಯಲಾಯಿತು. ಪತ್ರಿಕೆಗಳು ಅದನ್ನು "ಮ್ಯಾಡ್ ಮ್ಯಾಕ್ಸ್" ಅಂತ ಕರೆದವು. ರೋಗ ಹಸುವಿನಿಂದ ಬೇರೆ ಪ್ರಾಣಿಗೆ ದಾಟಬಹುದು ಅನ್ನೋ ಸೂಚನೆ ಅದು. ಅದೇ ತಿಂಗಳು ಕೃಷಿ ಸಚಿವ ಜಾನ್ ಗಮ್ಮರ್ ಕ್ಯಾಮೆರಾಗಳ ಮುಂದೆ ತನ್ನ ಪುಟ್ಟ ಮಗಳಿಗೆ ಬೀಫ್ ಬರ್ಗರ್ ತಿನ್ನಿಸಲು ಹೋದರು. ಮನುಷ್ಯರಿಗೂ ಅದು ಬಂದಿರುವ ಸಾಧ್ಯತೆಯನ್ನು ಸರ್ಕಾರ ಒಪ್ಪಿದ್ದು 1996ರ ಮಾರ್ಚ್‌ನಲ್ಲಿ.

ಈಗ ನಮ್ಮ ಸೋಫಾ ಮೇಲಿನ ಹಿರಿಯ ಬೆಕ್ಕಿಗೆ ಬರೋಣ. ಚೆನ್ನಾಗಿ ತಿಂದೂ ಸಣಗುವ, ರಾತ್ರಿ ಕೂಗುವ, ಕೂತಲ್ಲಿ ಕೂರದ ಮುದಿ ಬೆಕ್ಕುಗಳ ಕಾಯಿಲೆಗೆ 1979ರ ತನಕ ವೈದ್ಯಕೀಯ ಪುಸ್ತಕಗಳಲ್ಲಿ ಸರಿಯಾದ ಹೆಸರೇ ಇರಲಿಲ್ಲ. ಆ ವರ್ಷ ನ್ಯೂಯಾರ್ಕಿನ ಆನಿಮಲ್ ಮೆಡಿಕಲ್ ಸೆಂಟರ್‌ನ ಪಶುವೈದ್ಯ ಮಾರ್ಕ್ ಪೀಟರ್ಸನ್ ಇದನ್ನು ಹೈಪರ್‌ಥೈರಾಯ್ಡಿಸಂ ಅಂತ ಗುರುತಿಸಿದರು. ಕತ್ತಿನ ಥೈರಾಯ್ಡ್ ಗ್ರಂಥಿಯಲ್ಲಿ ಗಡ್ಡೆ ಬೆಳೆದು, ಹೆಚ್ಚಿನ ಸಲ ಕ್ಯಾನ್ಸರ್ ಅಲ್ಲದ ಗಡ್ಡೆಯೇ, ಹಾರ್ಮೋನು ಅತಿಯಾಗಿ ಸುರಿಯುತ್ತೆ. ಎಂಜಿನ್ ಸದಾ ಫುಲ್ ಸ್ಪೀಡಿನಲ್ಲಿ ಓಡಿದ ಹಾಗೆ. ನಾಲ್ಕು ವರ್ಷಕ್ಕೆ ಅವರ ತಂಡ 131 ಬೆಕ್ಕುಗಳ ವಿವರ ಪ್ರಕಟಿಸಿತು. "ವಯಸ್ಸು" ಅನ್ನಿಸಿಕೊಂಡಿದ್ದು ಚಿಕಿತ್ಸೆ ಇರುವ ರೋಗವಾಗಿತ್ತು.

ಇಷ್ಟು ಬೆಕ್ಕುಗಳಿಗೆ ಯಾಕೆ ಬಂತು? ಒಂದು ಅನುಮಾನ ಸೋಫಾ ಮೇಲೇ ಇದೆ. 1970ರ ದಶಕದಿಂದ ಅಮೆರಿಕದಲ್ಲಿ ಫೋಮ್, ಕಾರ್ಪೆಟ್, ಟಿವಿಗಳಿಗೆ ಬೆಂಕಿ ಹತ್ತದಿರಲೆಂದು ಪಿಬಿಡಿಇ ಎಂಬ ರಾಸಾಯನಿಕ ಸೇರಿಸುತ್ತಿದ್ದರು. ಅದು ದೂಳಾಗಿ ರೋಮದ ಮೇಲೆ ಕೂರುತ್ತೆ, ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುತ್ತೆ. 2007ರಲ್ಲಿ 23 ಬೆಕ್ಕುಗಳ ರಕ್ತ ನೋಡಿದಾಗ ಅದರ ಪ್ರಮಾಣ ಅಮೆರಿಕದ ವಯಸ್ಕರಲ್ಲಿ ಸಿಗೋದಕ್ಕಿಂತ 20ರಿಂದ 100 ಪಟ್ಟು ಹೆಚ್ಚಿತ್ತು. ಥೈರಾಯ್ಡ್ ಕಾಯಿಲೆಗೆ ಅದೇ ಕಾರಣ ಅಂತ ಇದರಿಂದ ಸಾಬೀತಾಗಲಿಲ್ಲ. ಡಬ್ಬದ ಆಹಾರದ ಮೇಲೂ ಅನುಮಾನ ಇದೆ. ಆದರೆ ಅದೇ ಸೋಫಾ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರೋದು ನಾವೇ ಅನ್ನೋದನ್ನು ಮರೆಯೋ ಹಾಗಿಲ್ಲ.

ಹಾಗಾದರೆ ಏನು ಮಾಡಬೇಕು? ಹತ್ತು ದಾಟಿದ ಬೆಕ್ಕಿನ ನಡವಳಿಕೆ ದಿಢೀರ್ ಬದಲಾದರೆ ಮೊದಲು ಕಾಯಿಲೆ ಹುಡುಕಿ, ಬುದ್ಧಿ ಕೆಟ್ಟಿದೆ ಅನ್ನೋದನ್ನು ಕೊನೆಗೆ ಇಟ್ಟುಕೊಳ್ಳಿ. ಥೈರಾಯ್ಡ್ ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತೆ. ಮಾತ್ರೆ, ಶಸ್ತ್ರಚಿಕಿತ್ಸೆ, ವಿಕಿರಣ ಅಯೋಡಿನ್ ಹೀಗೆ ದಾರಿಗಳಿವೆ. ಗೋಡೆಗೆ ಬಡಿಯುತ್ತಿದ್ದರೆ, ಕಣ್ಣಿನ ಪಾಪೆ ದೊಡ್ಡದಾಗೇ ಉಳಿದಿದ್ದರೆ ರಕ್ತದೊತ್ತಡ ಏರಿ ದೃಷ್ಟಿ ಹೋಗಿರಬಹುದು. ಮೂತ್ರಪಿಂಡದ ತೊಂದರೆ ಅದರ ಹಿಂದಿರಬಹುದು. ಟ್ರೇ ಬಿಟ್ಟದ್ದು ಹಟ ಇರಲಾರದು. 2002ರ ಒಂದು ಅಧ್ಯಯನದಲ್ಲಿ ಹನ್ನೆರಡು ದಾಟಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿದರೆ 90ರಲ್ಲಿ ಕೀಲು ಸವೆದಿತ್ತು. ಅಂಚು ಎತ್ತರದ ಟ್ರೇ ಹತ್ತೋಕೆ ನೋವು, ಅಷ್ಟೇ. ತಗ್ಗಿನ ಟ್ರೇ ಇಟ್ಟು ನೋಡಿ. ಗಂಡು ಬೆಕ್ಕು ತಿಣುಕಿದರೂ ಮೂತ್ರ ಬರದಿದ್ದರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ, ಜೀವಕ್ಕೇ ಅಪಾಯ.

ಇವೆಲ್ಲ ಇಲ್ಲ ಅಂತಾದ ಮೇಲೆ ಮುದಿ ಮಿದುಳಿನ ಮರೆವು. ಅದು ನಿಜವಾದದ್ದೇ, ಮನುಷ್ಯರ ಆಲ್ಜೈಮರ್‌ನಲ್ಲಿ ಸಿಗುವಂಥ ಪ್ರೋಟೀನ್ ಕಲೆಗಳು ಹಿರಿಯ ಬೆಕ್ಕುಗಳ ಮಿದುಳಲ್ಲೂ ಸಿಗುತ್ತವೆ. ಆಗ ಊಟದ ಜಾಗ, ಟ್ರೇ ಜಾಗ ಬದಲಿಸಬೇಡಿ, ರಾತ್ರಿ ಒಂದು ಸಣ್ಣ ದೀಪ ಉರಿಯಲಿ. ಗದರೋದು, ಹೊಡೆಯೋದು ಯಾವುದಕ್ಕೂ ಮದ್ದಲ್ಲ. ನೋವಿದೆ ಅಂತ ಮನೆಯಲ್ಲಿರೋ ಪ್ಯಾರಸಿಟಮಾಲ್ ಚೂರು ಮಾಡಿ ಕೊಡಲೇಬೇಡಿ. ಬೆಕ್ಕಿನ ಲಿವರ್ ಅದನ್ನು ಅರಗಿಸಲಾರದು, ಅರ್ಧ ಮಾತ್ರೆಯೂ ಕೊಲ್ಲಬಹುದು.

ಇನ್ನೊಂದು ಕೆಲಸ, ಐದು ನಿಮಿಷದ್ದು. ತಿಂಗಳಿಗೊಮ್ಮೆ ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದು, ಉಳಿದದ್ದನ್ನು ಫೋನಿನಲ್ಲಿ ಬರೆದಿಡಿ. ವಿಚಿತ್ರವಾಗಿ ಆಡಿದಾಗ ರೀಲ್ಸ್‌ಗೆ ಹಾಕೋ ಮೊದಲು ಆ ವಿಡಿಯೋ ಡಾಕ್ಟರಿಗೆ ತೋರಿಸಿ. ಮೋದೋ ಹಳ್ಳಿಯ ಬೆಕ್ಕುಗಳು ಸತ್ತದ್ದು ಯಾಕೆ ಅಂತ 1954ರಲ್ಲೇ ಯಾರಾದರೂ ಕೇಳಿದ್ದರೆ, ಆ ಇಬ್ಬರು ಹುಡುಗಿಯರ ತಟ್ಟೆಗೆ ಆ ಮೀನು ಬೀಳದೆ ಇರಬಹುದಿತ್ತು.